ಜೇನಿನ ಹೆಸರಲ್ಲ, ಜೇನಿನ ಘಮ



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ನಾನು ಓದಿ ಹೇಳಿದ ಒಂದು ಕಾಗದ ಕೆಲವರಿಗೆ ನಗೆಯನ್ನೂ ಕೆಲವರಿಗೆ ಸಿಟ್ಟನ್ನೂ ತರಿಸಿದ ಸಂಗತಿ ತಮ್ಮಲ್ಲಿ ಹಲವರ ಕಿವಿಗೆ ಈಗಾಗಲೇ ಬಿದ್ದಿರಬಹುದು. ಬರೆದವನು ಇಂಡಿ ತಾಲ್ಲೂಕಿನ ನನ್ನ ಹಳೆಯ ಸಹಪಾಠಿಯ ಮಗ. ಅಮೆರಿಕದಲ್ಲಿ ಇಂಜಿನಿಯರ್ ಕೆಲಸದಲ್ಲಿದ್ದಾನೆ. ಅವನ ತಾಯಿ ಅಲ್ಲಿಗೆ ಹೋಗುವಾಗ ನಮ್ಮ ಸಂಘದ ಕಾಫಿ ಹೂವಿನ ಜೇನಿನ ಎರಡು ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗಿದ್ದರು. ಹುಡುಗ ಅದನ್ನು ರೊಟ್ಟಿಗೆ ಹಚ್ಚಿ ತಿನ್ನಲಿಲ್ಲ, ಮನೆಯಲ್ಲಿ ತಾನೇ ತಯಾರಿಸುವ ಬಿಯರಿಗೆ ಹಾಕಿದ. ಹದಿನೈದು ದಿನ ಕಾದು ಕುಡಿದು ನೋಡಿದರೆ ಜೇನಿನ ವಾಸನೆಯೇ ಇಲ್ಲ. "ಕಾಕಾ, ಇದು ಖರೇನೇ ಜೇನು ಹೌದೋ ಅಲ್ಲೋ?" ಎಂಬುದು ಅವನ ಪ್ರಶ್ನೆ.

ಕುಡುಕರ ಕಾಗದಕ್ಕೆ ಸಂಘ ಉತ್ತರ ಬರೆಯಬೇಕಾಗಿಲ್ಲ ಎಂದು ಹಿರಿಯ ನಿರ್ದೇಶಕರೊಬ್ಬರು ಹೇಳಿದರು. ಅವರ ಮಾತಿನ ಹಿಂದಿರುವ ಕಾಳಜಿಯನ್ನು ನಾನು ಬಲ್ಲೆ, ಅದಕ್ಕೆ ಮುಂದೆ ಬರುತ್ತೇನೆ. ಆದರೆ ನಮ್ಮ ಲೇಬಲ್ ಅಂಟಿಸಿದ ಬಾಟಲಿಯಲ್ಲಿ ಇದ್ದದ್ದು ಜೇನೋ ಅಲ್ಲವೋ ಎಂದು ಒಬ್ಬ ಗಿರಾಕಿ ಕೇಳಿದ ಮೇಲೆ ಕಾರ್ಯದರ್ಶಿಯಾದವನು ಸುಮ್ಮನಿರಲಾರ. ನಾನು ಉತ್ತರ ಬರೆದೆ. ಬರೆಯುವಾಗ ಗೊತ್ತಾದದ್ದು ಇಷ್ಟು: ತಪ್ಪಿನಲ್ಲಿ ಅರ್ಧ ಅವನದು, ಅರ್ಧ ನಮ್ಮದು.

ಮೊದಲು ಅವನ ಪಾಲಿನದು. ಬಿಯರ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿ ನೀರಿನಲ್ಲಿ ನೆನೆಸಿ, ಅದರ ಸಿಹಿಯನ್ನು ಬಸಿದುಕೊಂಡು, ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಕಹಿಗಾಗಿ ಹಾಕಿ ಒಂದು ತಾಸು ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುವುದು. ಈ ಹುಡುಗ ಜೇನನ್ನು ಕುದಿಯುವುದಕ್ಕೆ ಮೊದಲೇ ಸುರಿದು ಒಂದು ತಾಸು ಪೂರ್ತಿ ಕುದಿಸಿದ್ದಾನೆ. ಕಾಫಿ ಬೆಳೆಯುವವರಿಗೆ ಇದರ ಫಲ ಬಿಡಿಸಿ ಹೇಳಬೇಕಾಗಿಲ್ಲ. ಫಿಲ್ಟರಿನಿಂದ ಇಳಿದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕೊತಕೊತ ಕುದಿಸಿದರೆ ಘಮವೆಲ್ಲ ಅಡುಗೆಮನೆಗೆ, ಕಹಿಯೆಲ್ಲ ಲೋಟಕ್ಕೆ. ಜೇನಿನ ಪರಿಮಳವೂ ಹಾಗೆಯೇ ಆವಿಯಾಗಿ ಹೋಗುವಂಥದು. ಕುದಿತದಲ್ಲಿ ಅಷ್ಟಿಷ್ಟು ಉಳಿದರೂ ಹುದುಗುವಾಗ ಏಳುವ ಗಾಳಿಯ ಗುಳ್ಳೆಗಳು ಅದನ್ನು ಹೊರಗೆ ಒಯ್ಯುತ್ತವೆ.

ಇನ್ನೊಂದು ತಪ್ಪು ಕಲ್ಪನೆಯೂ ಅವನಿಗಿತ್ತು. ಜೇನು ಹಾಕಿದರೆ ಬಿಯರ್ ಸಿಹಿಯಾಗುತ್ತದೆ ಎಂದು. ಜೇನಿನಲ್ಲಿ ನೂರಕ್ಕೆ 80ರಷ್ಟು ಸಕ್ಕರೆಯೇ. ಅದರಲ್ಲೂ ಹೆಚ್ಚಿನ ಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್, ಅಂದರೆ ಯೀಸ್ಟಿಗೆ ಅಗಿಯುವ ಶ್ರಮವೂ ಇಲ್ಲದ ತುತ್ತು. ಪಲ್ಪಿಂಗ್ ಆದ ಕಾಫಿ ಬೀಜದ ಮೇಲಿನ ಸಿಹಿ ಲೋಳೆ ತೊಟ್ಟಿಯಲ್ಲಿ ಒಂದೂವರೆ ದಿನದಲ್ಲಿ ಎಲ್ಲಿ ಹೋಗುತ್ತದೆ? ಬಾರ್ಲಿಯ ಸಕ್ಕರೆಯಲ್ಲಿ ಯೀಸ್ಟಿಗೆ ದಕ್ಕದ ಭಾಗ ಉಳಿದು ಬಿಯರಿಗೆ ಮೈ ಕೊಡುತ್ತದೆ. ಜೇನು ಪೂರ್ತಿ ಕರಗಿ ಅಮಲಾಗುತ್ತದೆ, ಪಾನೀಯ ತೆಳ್ಳಗಾಗುತ್ತದೆ. ಹೀಗಾಗಿ ಜೇನನ್ನು ಹೆಚ್ಚು ಹೆಚ್ಚು ಹಾಕಿದಷ್ಟೂ ಸಿಹಿ ಕಡಿಮೆ, ತಲೆ ತಿರುಗುವುದು ಹೆಚ್ಚು.

ಹಾಗಾದರೆ ಘಮ ಉಳಿಸುವುದು ಹೇಗೆ? ಒಲೆ ಆರಿಸಿದ ಮೇಲೆ ಹಾಕಬೇಕು. ಅದಕ್ಕಿಂತ ಮೇಲು, ಹುದುಗಿನ ಮೊದಲ ಆರ್ಭಟ ನಾಲ್ಕೈದು ದಿನದಲ್ಲಿ ಇಳಿದ ನಂತರ ಹಾಕುವುದು. ಒಟ್ಟು ಸಿಹಿಯಲ್ಲಿ ಜೇನಿನ ಪಾಲು ನೂರಕ್ಕೆ 10ರೊಳಗಿದ್ದರೆ ತೆಳುವಾದ ಸುಳಿವು, ಅದಕ್ಕಿಂತ ಮೇಲೆ 30ರವರೆಗೆ ಸ್ಪಷ್ಟವಾದ ಜೇನಿನ ಗುಣ ಎಂಬುದು ಆ ಕಸಬಿನವರ ಲೆಕ್ಕ. ಅಮೆರಿಕದ ಅಧ್ಯಕ್ಷರ ನಿವಾಸವಾದ ಶ್ವೇತಭವನದ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟು, ಅದೇ ಜೇನಿನಿಂದ ಅಲ್ಲಿನ ಅಡುಗೆಯವರು ಬಿಯರ್ ತಯಾರಿಸಿದ್ದರು. 2012ರ ಸೆಪ್ಟೆಂಬರಿನಲ್ಲಿ ಒಬಾಮಾ ಸರಕಾರ ಅದರ ವಿಧಾನವನ್ನೇ ಪ್ರಕಟಿಸಿತು. ಅದರಲ್ಲಿಯೂ ಒಂದು ಪೌಂಡ್ ಜೇನನ್ನು ಹಾಕುವುದು ಕುದಿತದ ಕೊನೆಯ ಐದು ನಿಮಿಷಕ್ಕೆ. ಬಾಟಲಿ ತುಂಬುವಾಗ ನೊರೆಗಾಗಿ ಜೇನು ಹಾಕುವವರೂ ಇದ್ದಾರೆ. ಅಳತೆ ತಪ್ಪಿದರೆ ಬಾಟಲಿ ಸಿಡಿಯುತ್ತದೆ. ಬಾಟಲಿ ಸಿಡಿಯುವ ವಿಷಯದಲ್ಲಿ ನನಗೆ ಸ್ವಂತ ಅನುಭವ ಉಂಟು, ಅದೂ ಬಿಯರ್ ಇಲ್ಲದೆ.

ಇಲ್ಲಿಂದ ನಮ್ಮ ಪಾಲಿನ ತಪ್ಪು ಶುರುವಾಗುತ್ತದೆ. ಎರಡು ಮಳೆಗಾಲದ ಹಿಂದೆ ಸಂಘದ ಗೋದಾಮಿನಲ್ಲಿಟ್ಟಿದ್ದ ಜೇನಿನ ಡಬ್ಬಗಳು ಉಬ್ಬಿ, ಕೆಲವು ಬಾಯಿ ಬಿಟ್ಟು, ನೆಲವೆಲ್ಲ ಅಂಟು, ಒಳಗೆ ಹೆಂಡದಂಗಡಿಯ ಹುಳಿ ನಾತ. ಅಂದು ಬಾಗಿಲು ತೆಗೆದವನು ನಾನೇ. ನಮ್ಮ ಮಲೆನಾಡಿನ ತುಡುವೆ ಜೇನಿನಲ್ಲಿ ನೀರಿನಂಶ ಸಹಜವಾಗಿಯೇ ಹೆಚ್ಚು. ಕಣ್ಣುಗಳಿಗೆ ಮೇಣದ ಮುಚ್ಚಳ ಬೀಳುವ ಮೊದಲೇ ಆತುರಪಟ್ಟು ತೆಗೆದರೆ ನೂರಕ್ಕೆ 20ನ್ನು ದಾಟಿಬಿಡುತ್ತದೆ. ಆಹಾರ ಸುರಕ್ಷತೆಯ ಕಾನೂನು ಇಟ್ಟಿರುವ ಮಿತಿಯೂ ಅದೇ 20. 17ರ ಕೆಳಗಿದ್ದ ಜೇನು ವರ್ಷಗಟ್ಟಲೆ ಕೆಡುವುದಿಲ್ಲ. 20 ದಾಟಿದ ಜೇನಿನಲ್ಲಿ, ಅದರಲ್ಲೇ ನಿದ್ರೆ ಮಾಡುತ್ತಿರುವ ಕಾಡು ಯೀಸ್ಟ್ ಎದ್ದು ಕೂರುತ್ತದೆ. ಇಂಡಿಯ ಹುಡುಗ ಅಮೆರಿಕದಲ್ಲಿ ಪ್ರಯತ್ನಪಟ್ಟು ಮಾಡಿದ್ದನ್ನು ನಾವು ನಮ್ಮ ಗೋದಾಮಿನಲ್ಲಿ ಪ್ರಯತ್ನವಿಲ್ಲದೆ ಮಾಡಿದ್ದೆವು, ಅಷ್ಟೆ.

ಆ ಪೆಟ್ಟು ತಿಂದ ಮೇಲೆ ನಾವು ಕಂಡುಕೊಂಡ ಉಪಾಯವೇನು? ಬಂದ ಜೇನನ್ನೆಲ್ಲ ಒಂದೇ ಪಾತ್ರೆಗೆ ಸುರಿದು, ಚೆನ್ನಾಗಿ ಕಾಯಿಸಿ, ಸೋಸಿ, ತುಂಬುವುದು. ಹುಳಿಯುವುದು ನಿಂತಿತು. ಘಮವೂ ಹೋಯಿತು. ಹುಡುಗನ ಕೈಗೆ ಹೋದ ಬಾಟಲಿ ಆ ಪಾತ್ರೆಯದು. ಲೇಬಲ್ಲಿನ ಮೇಲೆ 'ಕಾಫಿ ಹೂವಿನ ಜೇನು' ಎಂದಿತ್ತು. ಕಾಫಿ ಹೂವಿನದೂ ಅದರಲ್ಲಿತ್ತು ಎಂದು ಮಾತ್ರ ನಾನು ಪ್ರಮಾಣ ಮಾಡಬಲ್ಲೆ. ಅವನು ಎಷ್ಟೇ ಜಾಣತನದಿಂದ, ಹುದುಗು ತಣಿದ ಮೇಲೆಯೇ ಹಾಕಿದ್ದರೂ ಇಲ್ಲದ ಪರಿಮಳ ಎಲ್ಲಿಂದ ಬರಬೇಕಿತ್ತು?

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಚೀಲ ಚೀಲ ಬೇರೆ ಮಾಡಿ, ಒಂದು ಗೊರಬಲು ರಾಶಿಗೆ ಬಿದ್ದರೆ ಮಂಡಿಯಲ್ಲಿ ಜಗಳಕ್ಕೆ ನಿಲ್ಲುವ ನಾವು ಜೇನನ್ನು ಮಾತ್ರ ಗಂಜಿಯಂತೆ ಒಂದೇ ಹಂಡೆಗೆ ಸುರಿಯುತ್ತೇವೆ. ಕಾಫಿ ಬೋರ್ಡಿನ ಪೂಲ್ ಪದ್ಧತಿಯ ದಿನಗಳನ್ನು ನೆನೆಸಿಕೊಳ್ಳಿ. ಯಾರು ಎಷ್ಟು ಮುತುವರ್ಜಿಯಿಂದ ಹಣ್ಣು ಬಿಡಿಸಿ ಒಣಗಿಸಿದರೂ ಒಮ್ಮೆ ಪೂಲಿಗೆ ಹೋದ ಮೇಲೆ ತೋಟದ ಹೆಸರು ಅಲ್ಲಿಗೆ ಮುಗಿಯಿತು. 1992ರಿಂದ ಅದು ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ಣ ಮುಕ್ತವಾದಾಗ ನಮ್ಮ ತಂದೆಯವರು ಹೆದರಿದ್ದರು; ಹೆದರಿಕೆಯಲ್ಲಿ ಸತ್ಯವೂ ಇತ್ತು, ಮುಂದೆ ಬೆಲೆ ಕುಸಿದ ವರ್ಷಗಳಲ್ಲಿ ಅದನ್ನು ಉಂಡಿದ್ದೇವೆ. ಆದರೂ ಇಂದು ಯಾವ ಬೆಳೆಗಾರನೂ ತನ್ನ ಒಳ್ಳೆಯ ಪಾರ್ಚ್‌ಮೆಂಟನ್ನು ಪಕ್ಕದವನ ಕಪ್ಪು ಬೀಜದೊಡನೆ ಬೆರೆಸಲು ಒಪ್ಪುವುದಿಲ್ಲ.

ಹೆಸರಿನ ವಿಷಯ ಬಂದದ್ದಕ್ಕೆ ಒಂದು ವಿಚಿತ್ರ ಹೇಳುತ್ತೇನೆ. ಬಿಯರಿಗೆ ಜೇನಿನ ರುಚಿ ಬರಿಸಲು ಜೇನೇ ಬೇಕಾಗಿಲ್ಲವಂತೆ. ಕೆನಡಾ ದೇಶದ ಗ್ಯಾಂಬ್ರಿನಸ್ ಎಂಬ ಕಂಪನಿ 'ಹನಿ ಮಾಲ್ಟ್' ಎಂಬ ಬಾರ್ಲಿ ಮಾಲ್ಟನ್ನು ತಯಾರಿಸುತ್ತದೆ. ಬಾರ್ಲಿಯನ್ನೇ ವಿಶೇಷ ಹದದಲ್ಲಿ ಮೊಳೆಯಿಸಿ ಒಣಗಿಸಿ ಜೇನಿನಂಥ ಸಿಹಿ ರುಚಿ ಬರುವಂತೆ ಮಾಡುತ್ತಾರೆ. ಹನಿ ಮಾಲ್ಟಿನಲ್ಲಿ ಒಂದು ಹನಿ ಜೇನೂ ಇಲ್ಲ. ಇದು ಮೋಸವಲ್ಲ, ಅವರು ಅದನ್ನು ಬಾರ್ಲಿ ಎಂದೇ ಮಾರುತ್ತಾರೆ. ಆದರೆ ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದಾಗ ಅಳಿಯ ನನ್ನನ್ನು ಕರೆದುಕೊಂಡು ಹೋದ ಒಂದು ಜಾಗದಲ್ಲಿ (ಹೌದು, ಒಂದು ಲೋಟ ಕುಡಿದೆ, ಮುಚ್ಚಿಡುವುದೇನು) ಜೇನಿನ ಹೆಸರಿಟ್ಟು ಕೊಟ್ಟ ಬಿಯರಿನಲ್ಲಿ ಯಾವ ಜೇನು ಎಂದು ಕೇಳಿದರೆ ಬಡಿಸುವ ಹುಡುಗನಿಗೂ ಗೊತ್ತಿರಲಿಲ್ಲ, ಅವನು ಒಳಗೆ ಹೋಗಿ ಕೇಳಿದವರಿಗೂ ಗೊತ್ತಿರಲಿಲ್ಲ. ಜೇನು ಬೆಳೆಯುವವನಿಗೆ ಇದು ಎಚ್ಚರಿಕೆ. ಹೆಸರು ಮಾತ್ರ ಬೇಕಾದವರಿಗೆ ಬಾರ್ಲಿ ಸಾಕು, ಸಕ್ಕರೆ ಪಾಕವೂ ಸಾಕು. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪೇಟೆಯ 13 ಬ್ರಾಂಡುಗಳ ಜೇನನ್ನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ಪಾಸಾದವು ಮೂರು ಮಾತ್ರ. ಕಂಪನಿಗಳು ಅದನ್ನು ಒಪ್ಪಲಿಲ್ಲವೆನ್ನಿ. ಅಂಥ ಪೇಟೆಯಲ್ಲಿ ನಾವು ಕಾಯಿಸಿ ಸಪ್ಪೆ ಮಾಡಿದ ಜೇನನ್ನು ಇಟ್ಟುಕೊಂಡು ಬೆಲೆಯಲ್ಲಿ ಯಾರೊಂದಿಗೆ ಸ್ಪರ್ಧಿಸಬೇಕು?

ಈಗ ಹಿರಿಯ ನಿರ್ದೇಶಕರ ಆಕ್ಷೇಪಣೆಗೆ ಬರುತ್ತೇನೆ. ಅಮೆರಿಕದಲ್ಲಿ ಮನೆ ಖರ್ಚಿಗೆ ಬಿಯರ್ ತಯಾರಿಸಿಕೊಳ್ಳುವುದು ಕಾನೂನಿಗೆ ಒಪ್ಪಿತ. 1978ರಲ್ಲಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಆದ ಕಾಯಿದೆ ಅದು, ವರ್ಷಕ್ಕೆ ಒಬ್ಬ ವಯಸ್ಕನಿಗೆ 100 ಗ್ಯಾಲನ್ ಮಿತಿ. ನಮ್ಮಲ್ಲಿ ಹಾಗಲ್ಲ. 1965ರ ಕರ್ನಾಟಕ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಕಾಸುವುದು ಅಪರಾಧ. ಆದ್ದರಿಂದ ಮೇಲೆ ಬರೆದದ್ದನ್ನು ಓದಿ ಯಾರೂ ಹಿತ್ತಲಿನಲ್ಲಿ ಹಂಡೆ ಇಡಬಾರದು. ಹಿಡಿದರೆ ಸಂಘ ಜಾಮೀನಿಗೆ ಬರುವುದಿಲ್ಲ. ಕಾನೂನು ಹಾಗಿರಲಿ. ಕೂಲಿ ಲೈನುಗಳಲ್ಲಿ ಶನಿವಾರದ ಬಟವಾಡೆ ಎಲ್ಲಿ ಹೋಗುತ್ತಿತ್ತು, ಈಗಲೂ ಎಲ್ಲಿ ಹೋಗುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ.

ಕಳೆದ ಆಗಸ್ಟ್ ತಿಂಗಳಲ್ಲಿ ಬಸವನ ಬಾಗೇವಾಡಿಯ ಹತ್ತಿರದ ಒಂದು ಹಳ್ಳಿಯಲ್ಲಿ, ಬಸವಣ್ಣನವರು ಹುಟ್ಟಿದ ಆ ನೆಲದಲ್ಲಿ, ಒಬ್ಬ ತಾಯಿಯ ಮನೆಯ ಜಗುಲಿಯಲ್ಲಿ ಕುಳಿತಿದ್ದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಕೊಟ್ಟು ಉಪಚರಿಸಿದರು. ಜೇನು ಯಾಕೆ ಒಯ್ಯುತ್ತೀರಿ, ಔಷಧಕ್ಕೋ ಎಂದು ಕೇಳಿದರು. ಬಿಯರಿನ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ಈ ಮನೆಯಲ್ಲಿ ಹೋಳಿಗೆ ಮಾಡಿದ್ದೆವು, ಆಮೇಲೆ ಯಜಮಾನರು ಅಂಗಡಿಯ ಬಾಟಲಿ ಹಿಡಿದರು ಎಂದು ಅವರೇ ಹೇಳಿದರು. ಗೋಡೆಯ ಮೇಲೆ ಆ ಯಜಮಾನರ ಫೋಟೋಕ್ಕೆ ಹಾರ ಇತ್ತು. ಔಷಧಕ್ಕೂ ಒಯ್ಯುತ್ತಾರೆ ಎಂದು ಹೇಳಿ ಎದ್ದು ಬಂದೆ.

ಆದ್ದರಿಂದ ನನ್ನ ಅಭಿಪ್ರಾಯ ಇದು, ತಪ್ಪಿದ್ದರೆ ಸರ್ವಸದಸ್ಯರ ಸಭೆಯಲ್ಲಿ ತಿದ್ದಬಹುದು. ಸಂಘ ಬಿಯರ್ ತಯಾರಿಕೆಗೆ ಕೈ ಹಾಕಬಾರದು, ಅದರ ಜಾಹೀರಾತನ್ನೂ ಮಾಡಬಾರದು. ಆದರೆ ಲೈಸೆನ್ಸ್ ಪಡೆದು ತಯಾರಿಸುವವನು ಒಳ್ಳೆಯ ಜೇನಿಗೆ ಒಳ್ಳೆಯ ಬೆಲೆ ಕೊಡುತ್ತೇನೆಂದರೆ ಮಾರಬೇಕು. ಬೆಂಗಳೂರಿನಲ್ಲಿ 2010ರ ಸುಮಾರಿನಿಂದ ಸ್ವಂತ ಬಿಯರ್ ಕಾಸುವ ಮಳಿಗೆಗಳಿವೆ. ಪುಣೆಯ ಮೂನ್‌ಶೈನ್, ನಾಸಿಕದ ಸೆರಾನಾ ಎಂಬ ಕಂಪನಿಗಳು ಜೇನನ್ನೇ ಹುದುಗಿಸಿ ಮೀಡ್ ತಯಾರಿಸುತ್ತವೆ. ಸೆರಾನಾ ಎಂಬುದು ನಮ್ಮ ತುಡುವೆಯ ಶಾಸ್ತ್ರೀಯ ಹೆಸರೇ. ಕಾಫಿಯ ತವರಾದ ಇಥಿಯೋಪಿಯದಲ್ಲಿ ಮನೆಮನೆಯಲ್ಲಿ ಜೇನಿನಿಂದ 'ತೆಜ್' ಇಳಿಸುತ್ತಾರೆ, ಕಹಿಗೆ ಹಾಪ್ಸಿನ ಬದಲು ಗೇಶೋ ಎಂಬ ಗಿಡದ ಎಲೆ. ಬಾರ್ಲಿಯೇ ಬೇಕೆಂದೂ ಇಲ್ಲ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ ಆಮದನ್ನು ನಿಲ್ಲಿಸಿದಾಗ ಅಲ್ಲಿನ ದೊಡ್ಡ ದೊಡ್ಡ ಕಾರ್ಖಾನೆಗಳು ಜೋಳಕ್ಕೆ ತಿರುಗಿಕೊಂಡವು. ಡೋಣಿ ಸೀಮೆಯ ಬಿಳಿಜೋಳದ ಬಗ್ಗೆ ನನ್ನ ಇಂಡಿಯ ಮಿತ್ರನಿಗೆ ಇದನ್ನು ಹೇಳಿದಾಗ, ರೊಟ್ಟಿಗೆ ಸಾಲದ ಜೋಳವನ್ನು ಹೆಂಡಕ್ಕೆ ಕೊಡುವಷ್ಟು ಹುಚ್ಚು ತನಗೆ ಹಿಡಿದಿಲ್ಲ ಎಂದ.

ನಾನು ಆ ನಾಲ್ಕು ತಾಲ್ಲೂಕುಗಳಿಗೆ ಹೋದದ್ದು ಯಾಕೆಂದು ಹೇಳುವುದನ್ನೇ ಮರೆತೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮಲ್ಲಿ ಜಡಿಮಳೆ. ಹುಳುಗಳಿಗೆ ಹೂವಿಲ್ಲ, ಸಕ್ಕರೆ ನೀರು ಕೊಟ್ಟು ಸಾಕುವ ಕಾಲ. ಅದೇ ಹೊತ್ತಿಗೆ ವಿಜಯಪುರ ಜಿಲ್ಲೆಯ ಬಯಲಿನಲ್ಲಿ ಸೂರ್ಯಕಾಂತಿ ಹೂವಾಗಿರುತ್ತದೆ. ಮೊದಲಿನಷ್ಟು ಈಗ ಬಿತ್ತುವುದಿಲ್ಲವಾದರೂ ಇದೆ. ಅದು ಮುಗಿಯುವಾಗ ಇಂಡಿಯ ಲಿಂಬೆಯ ಹಸ್ತ ಬಹಾರ, ಹಿಂದೆಯೇ ಸಿಂದಗಿ, ಮುದ್ದೇಬಿಹಾಳದ ಕಡೆ ತೊಗರಿ. ನಮ್ಮಲ್ಲಿ ಮೆಲ್ಲಿಫೆರಾ ಪೆಟ್ಟಿಗೆ ಇಟ್ಟ ಐದಾರು ಮಂದಿ ಸದಸ್ಯರು ಈ ಸಲ ಒಟ್ಟಾಗಿ ಒಂದು ಲಾರಿ ಮಾಡಿಕೊಂಡು ಹೋದರು, ಜಾಗ ನೋಡಲು ನಾನೂ ಜೊತೆಗೆ ಹೋದೆ. ತುಡುವೆಯನ್ನು ಹಾಗೆ ಒಯ್ಯಲಾಗದು, ಗೂಡು ಬಿಟ್ಟು ಹಾರಿಬಿಡುತ್ತದೆ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ಬಂದು ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದದ್ದನ್ನು ಕಂಡವರು, 1936ರಷ್ಟು ಹಿಂದೆಯೇ ವಿರಾಜಪೇಟೆಯಲ್ಲಿ ಜೇನಿನ ಸಹಕಾರ ಸಂಘ ಕಟ್ಟಿದ ನಾಡು ಅಂದು ಹೇಗೆ ಬರಿದಾಯಿತೆಂದು ಬಲ್ಲವರು, ಇದ್ದ ತುಡುವೆಯನ್ನು ಮನೆಯ ಹತ್ತಿರವೇ ಜೋಪಾನ ಮಾಡಬೇಕು.

ಇಂಡಿಯಲ್ಲಿ ಲಿಂಬೆ ಬೆಳೆಗಾರರಿಗೆ ಪೆಟ್ಟಿಗೆ ಕಂಡರೆ ಸಂತೋಷ. ಅವರ ಲಿಂಬೆಗೆ ಈಗ ಭೌಗೋಳಿಕ ಗುರುತು ಸಿಕ್ಕಿದೆ. ಊರಿನ ಹೆಸರಿಗೆ ಬೆಲೆ ಬರುವುದೆಂದರೇನೆಂದು ಅವರಿಗೆ ಗೊತ್ತು. ಮುದ್ದೇಬಿಹಾಳದ ಕಡೆ ಒಬ್ಬ ರೈತರು ಮಾತ್ರ ಹುಳು ಸೂರ್ಯಕಾಂತಿಯ ರಸ ಹೀರಿ ಕಾಳು ಜೊಳ್ಳು ಮಾಡುತ್ತದೆ ಎಂದು ಕೋಲು ಹಿಡಿದು ಬಂದರು. ಸೂರ್ಯಕಾಂತಿಗೆ ಹುಳುವಿಲ್ಲದೆ ಕಾಳು ತುಂಬುವುದು ಕಷ್ಟ, ನಮ್ಮ ರೊಬಸ್ಟಾ ಕೂಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟದ ಜಾತಿ ಎಂದು ವಿವರಿಸುವಷ್ಟರಲ್ಲಿ ಚಹ ಬಂತು, ಕೋಲು ಮೂಲೆಗೆ ಹೋಯಿತು. ಔಷಧಿಯನ್ನು ಸಂಜೆ ಹುಳು ಗೂಡು ಸೇರಿದ ಮೇಲೆ ಹೊಡೆಯುವುದಾಗಿಯೂ, ಹಿಂದಿನ ದಿನ ಫೋನ್ ಮಾಡುವುದಾಗಿಯೂ ಒಪ್ಪಿದರು, ಮಾತಿನಂತೆ ನಡೆದುಕೊಂಡರು ಕೂಡ. ಸಿಂದಗಿಯ ಹತ್ತಿರ ಮತ್ತೊಂದು ಹೊಲದಲ್ಲಿ ಹೇಳದೆ ಹೊಡೆದದ್ದರಿಂದ ನಾಲ್ಕು ಪೆಟ್ಟಿಗೆ ಕಳೆದುಕೊಂಡೆವು.

ಕಾಫಿಗೂ ಲಿಂಬೆಯ ಕುಲಕ್ಕೂ ಒಂದು ನಂಟಿದೆ. ಕಾಫಿ ಹೂವಿನ ಮಕರಂದದಲ್ಲಿಯೂ ಕಿತ್ತಳೆ, ಚಕ್ಕೋತಗಳ ಹೂವಿನ ಮಕರಂದದಲ್ಲಿಯೂ ಅತ್ಯಲ್ಪ ಪ್ರಮಾಣದ ಕೆಫೀನ್ ಇದೆಯೆಂದು, ಅದನ್ನು ಸವಿದ ಜೇನುಹುಳು ಆ ಹೂವಿನ ವಾಸನೆಯನ್ನು ಮರುದಿನವೂ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆಯೆಂದು 2013ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿದರು. ಹುಳು ನೆನಪಿಟ್ಟ ವಾಸನೆಯನ್ನು ನಾವು ಹಂಡೆಯಲ್ಲಿ ಕಾಯಿಸಿ ಕಳೆಯುತ್ತಿದ್ದೇವೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ನೀರಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್ ಅಂಗೈಯಗಲದ ಉಪಕರಣ, ತೂಕದ ಯಂತ್ರದ ಪಕ್ಕದಲ್ಲಿಟ್ಟು ಸದಸ್ಯರ ಎದುರಿನಲ್ಲಿಯೇ ಅಳೆಯಬೇಕು. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ ಬರುವ ಜೇನನ್ನು ಬೇರೆ ಡಬ್ಬದಲ್ಲಿ, ಇಂಡಿಯ ಲಿಂಬೆಯ ಸುತ್ತ ತೆಗೆದದ್ದನ್ನು ಬೇರೆ, ಸೂರ್ಯಕಾಂತಿಯದನ್ನು ಬೇರೆ ಇಡಬೇಕು. ಸೂರ್ಯಕಾಂತಿಯ ಜೇನು ಬೇಗ ಹರಳುಗಟ್ಟುತ್ತದೆ, ಅದನ್ನು ಸಕ್ಕರೆ ಎಂದು ಜನ ವಾಪಸು ತಂದಾಗ ಅಂಗಡಿಯ ಗುಮಾಸ್ತರು ಜಗಳವಾಡದೆ ತಿಳಿಸಿ ಹೇಳಬೇಕು. 20ರ ಕೆಳಗೆ ಬಂದ ಜೇನಿಗೆ ಹೆಚ್ಚಿನ ದರ, ಮೇಲೆ ಬಂದದ್ದಕ್ಕೆ ಕಡಿಮೆ. ಇದರಲ್ಲಿ ಒಂದು ಮುಳ್ಳಿದೆ. ಎರಡು ಮೂರು ಪೆಟ್ಟಿಗೆ ಇಟ್ಟಿರುವ ಸಣ್ಣ ಸದಸ್ಯನಿಗೆ, ಮಳೆ ಹಿಡಿಯುವ ಮೊದಲು ಹೇಗಾದರೂ ತೆಗೆದುಬಿಡುವ ಅವಸರವಿರುವವನಿಗೆ, ದರ ಕಡಿತದ ಪೆಟ್ಟು ಬೀಳುತ್ತದೆ. ಮೊದಲ ವರ್ಷ ಅವನ ಜೇನನ್ನು ಹಳೆಯ ದರದಲ್ಲೇ ಕೊಂಡು, ಅದರ ನಷ್ಟವನ್ನು ಸಂಘ ಹೊರಬೇಕೆಂಬುದು ನನ್ನ ಸಲಹೆ. ಲೆಕ್ಕಪರಿಶೋಧಕರು ಇದನ್ನು ಒಪ್ಪುವರೋ ಇಲ್ಲವೋ, ಕೇಳಿ ನೋಡಬೇಕಷ್ಟೆ.

ಇಂಡಿಯ ಹುಡುಗನಿಗೆ ಈ ವಿವರವನ್ನೆಲ್ಲ ಬರೆದು, ಹಳೆಯ ಎರಡು ಬಾಟಲಿಗಳ ಹಣವನ್ನು ಅವನ ತಂದೆಯ ಕೈಗೆ ಹಿಂತಿರುಗಿಸಿದೆ. ಮಿತ್ರ ತೆಗೆದುಕೊಳ್ಳಲು ಒಪ್ಪಲಿಲ್ಲ, ಬದಲಿಗೆ ಒಂದು ಚೀಲ ಲಿಂಬೆಹಣ್ಣು ಲಾರಿಗೆ ಹಾಕಿಸಿದ. ಬರುವ ಹೂಮಳೆಯ ನಂತರ ಕಾಯಿಸದ, ಬೆರೆಸದ ಜೇನಿನ ಒಂದು ಬಾಟಲಿಯನ್ನು ಕಳಿಸುವುದಾಗಿ ಮಾತು ಕೊಟ್ಟಿದ್ದೇನೆ. ಯಾವ ಸದಸ್ಯರ ತೋಟದ್ದು ಎಂದು ಅದರ ಮೇಲೆ ಬರೆಯಬೇಕೆಂದಿದೆ. ಕಾಫಿ ಹೂವಿನ ಜೇನನ್ನು ಬೇರೆಯಾಗಿ ತೆಗೆದುಕೊಡಲು ಸಿದ್ಧರಿರುವವರು ಜನವರಿ ಕೊನೆಯೊಳಗೆ ಕಚೇರಿಗೆ ಬಂದು ಹೆಸರು ಬರೆಸಿ, ತೊಳೆದು ಒಣಗಿಸಿದ ಡಬ್ಬಗಳನ್ನು ಒಯ್ಯಬಹುದು. ಲಾರಿಯಲ್ಲಿ ಬಡಗಣಕ್ಕೆ ಪೆಟ್ಟಿಗೆ ಕಳುಹಿಸುವವರ ಪಟ್ಟಿಯೂ ಅಲ್ಲೇ ಇದೆ.